ಹಾರ್ಬರ್ ಆಡದೇ ಹೋದ ಮಾತು

ತಾಲೀನ್ ಓದುತ್ತಿದ್ದ ಸಾಲುಗಳು ಬೇರೆ ಯಾರ ಹಾಳೆಯಲ್ಲೂ ಇರಲಿಲ್ಲ.

ಬರ್ಬ್ಯಾಂಕಿನ ಆ ಸ್ಟುಡಿಯೋದಲ್ಲಿ ಆರು ಜನ ಕಲಾವಿದರು ಮೈಕುಗಳ ಮುಂದೆ ಅರ್ಧಚಂದ್ರದಂತೆ ಕೂತಿದ್ದರು. ಕಾರ್ಟೂನಿಗೆ ಮೊದಲು ಮಾತು, ಆಮೇಲೆ ಚಿತ್ರ. ಐದು ಗಂಡಸರು, ಒಬ್ಬಳು ಹೆಂಗಸು. ಅವರು ಧ್ವನಿ ಕೊಡುವ 'ಸ್ಟೀಲ್ ಸಿಕ್ಸ್' ಸರಣಿಯಲ್ಲೂ ಐದು ಗಂಡು ಸೂಪರ್‌ಹೀರೋಗಳು, ಒಂದು ಹೆಣ್ಣು. ಅವಳ ಹೆಸರು ಹಾರ್ಬರ್. ಕೈ ಚಾಚಿದರೆ ಕಣ್ಣಿಗೆ ಕಾಣದ ಗೋಡೆ ಏಳುತ್ತಿತ್ತು. ಗೋಡೆ ಎಬ್ಬಿಸಿ "ಹುಷಾರು" ಎಂದು ಕೂಗುವುದು, ನಾಲ್ಕು ವರ್ಷದಿಂದ ಅವಳ ಮುಖ್ಯ ಕೆಲಸ.

ಆದರೆ ಈ ಹೊತ್ತು ತಾಲೀನ್ ಬೊಯಾಜಿಯಾನ್ ಬೇರೇನನ್ನೋ ಓದುತ್ತಿದ್ದಳು, ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ.

"ನಾನು ಗೋಡೆ ಕಟ್ಟಿದಾಗಲೆಲ್ಲ ನೀವೈದು ಜನ ಒಳಗಿರ್ತೀರ, ಓಕ್. ನಾನು ಹೊರಗಿರ್ತೀನಿ. ಗೋಡೆ ಕಟ್ಟೋಳಿಗೆ ಭಯ ಇರಲ್ಲ ಅಂತ ನಿಮಗೆ ಯಾರು ಹೇಳಿದ್ರು? ಒಂದ್ಸಲ, ಒಂದೇ ಒಂದ್ಸಲ, ಯಾರಾದ್ರೂ ತಿರುಗಿ ನನ್ನ ಕಡೆ ನೋಡಿದೀರಾ?"

ಹಾಳೆ ಮುಗಿಯಿತು. ತಂಡದ ನಾಯಕ ಕಮಾಂಡರ್ ಓಕ್‌ಗೆ ಧ್ವನಿ ಕೊಡುವ ಕರ್ಟಿಸ್ ತನ್ನ ಹಾಳೆಗಳ ಕಟ್ಟನ್ನು ಹಿಂದೆ ಮುಂದೆ ಮಗುಚಿದ. "ನನ್ನ ಹತ್ರ ಇದಿಲ್ಲ. ನಾನೇನಂತೀನಿ ಇದಕ್ಕೆ?"

ಗಾಜಿನ ಆಚೆ ನಿರ್ದೇಶಕಿ ರೋಂಡಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಮೂವತ್ತು ವರ್ಷ ಕಾರ್ಟೂನುಗಳ ಕೂಗಾಟ ಕೇಳಿದವಳು ಅವಳು. ಸುಮ್ಮಸುಮ್ಮನೆ ಕನ್ನಡಕ ತೆಗೆಯುವವಳಲ್ಲ. "ಬಹಳ ಚೆನ್ನಾಗಿದೆ ಕಣಮ್ಮಾ," ಎಂದಳು. "ಎಲ್ಲಿಂದ ಬಂತು ಇದು?"

ರೋಂಡಾಳ ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದ ಬರಹಗಾರ ವೆಸ್ಲಿ ಟಾಲ್ಮನ್‌ನ ಕಿವಿ ಕೆಂಪಗಾಗಿತ್ತು. ಅವನಿಗೆ ಗೊತ್ತಿತ್ತು. ಆ ಹಾಳೆ ಬಿಳಿಯದು.

ಆ ಆಫೀಸಿನಲ್ಲಿ ಮೊದಲ ಪ್ರತಿ ಬಿಳಿ ಹಾಳೆಯಲ್ಲಿ, ತಿದ್ದಿದ್ದು ನೀಲಿಯಲ್ಲಿ, ಕೊನೆಯದು ಗುಲಾಬಿಯಲ್ಲಿ. ಧ್ವನಿ ಕೊಡುವವರಿಗೆ ಗುಲಾಬಿ ಮಾತ್ರ ಸಿಗುತ್ತದೆ. ಉಳಿದ ಐವರ ಕಟ್ಟನ್ನು ಯಾರೋ ಜೋಡಿಸುತ್ತಿದ್ದರು. ತಾಲೀನಳದನ್ನು ಮಾತ್ರ ವೆಸ್ಲಿಯೇ ಜೋಡಿಸುತ್ತಿದ್ದ. ಮೇಲೆ ಅವಳ ಹೆಸರನ್ನು ಕೈಯಾರೆ ಬರೆಯುವ ಆಸೆ, ಅಷ್ಟೇ. ಆ ಬೆಳಿಗ್ಗೆ ಅವಸರದಲ್ಲಿ ಅವನ ಮೇಜಿನ ಬಿಳಿ ಹಾಳೆಯೊಂದು ಅವಳ ಗುಲಾಬಿ ಕಟ್ಟಿನೊಳಗೆ ಸೇರಿಹೋಗಿತ್ತು. ಬಿಳಿ ಎಂದರೆ ಕಸಕ್ಕೆ ಹೋದದ್ದು ಎಂದು ಅವಳಿಗೂ ಗೊತ್ತು. ಆದರೂ ಓದಿದಳು. ಅಷ್ಟು ಮಾತು ಅವಳ ಪಾಲಿಗೆ ಎಂದೂ ಬಂದಿರಲಿಲ್ಲ.

"ತಪ್ಪಾಗಿ ಸೇರಿದೆ," ಎಂದ ವೆಸ್ಲಿ, ಮೈಕಿನ ಗುಂಡಿ ಒತ್ತಿ. "ಅದು... ಅದನ್ನ ಮೇಲಿನವರು ತೆಗೆಸಿದ್ರು."

ತಾಲೀನ್ ಗಾಜಿನಾಚೆಯಿಂದ ಅವನನ್ನೇ ನೋಡಿದಳು. ಆಮೇಲೆ ಆ ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲದೊಳಗೆ ಇಟ್ಟುಕೊಂಡಳು.

ಅವತ್ತಿನ ಕೆಲಸದ ಕೊನೆಗೆ, ಎಂದಿನಂತೆ, 'ಉಹ್-ಆಹ್' ಹಾಳೆ ಬಂತು. ಪೆಟ್ಟು ತಿಂದಾಗ, ಬಿದ್ದಾಗ ಮಾಡುವ ಸದ್ದುಗಳನ್ನು ಕಡೆಗೆ ಒಟ್ಟಿಗೆ ರೆಕಾರ್ಡ್ ಮಾಡುತ್ತಾರೆ. ಕರ್ಟಿಸ್‌ಗೆ ಎರಡು ಸಾಲು, ತಾಲೀನ್‌ಗೆ ಇಡೀ ಪುಟ. ಕಲ್ಲು ತಾಗಿದಾಗ. ಸೇತುವೆಯಿಂದ ಬಿದ್ದಾಗ. ಓಕ್ ಬಿದ್ದದ್ದನ್ನು ಕಂಡಾಗ. ಹದಿನೆಂಟು ಸಲ ನರಳಿ ನೀರು ಕುಡಿದಳು.

"ನಿನ್ನ ಅತ್ಯುತ್ತಮ ಬರವಣಿಗೆ ವೆಸ್," ಎಂದು ಗಾಜಿನಾಚೆಯಿಂದ ನಕ್ಕಳು. "ಒಂದು ಅಕ್ಷರಾನೂ ಹೆಚ್ಚಿಲ್ಲ."

ಅವನೂ ನಕ್ಕ. ನಗುತ್ತಲೇ ಸ್ಟಾಪ್‌ವಾಚಿನ ಕಡೆ ಕಣ್ಣಿಳಿಸಿದ.

*

ಮೇಲಿನವರು ಯಾರೂ ಏನನ್ನೂ ತೆಗೆಸಿರಲಿಲ್ಲ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಇಲ್ಲ.

ಮೊದಲ ವರ್ಷ ವೆಸ್ಲಿ ಹಾರ್ಬರ್‌ಗಾಗಿ ಒಂದು ದೃಶ್ಯ ಬರೆದಿದ್ದ. ಬರೆಯುವಾಗ ಕಿವಿಯಲ್ಲಿ ತಾಲೀನಳ ಸ್ವರವೇ ಇತ್ತು. ವಾಕ್ಯದ ಕೊನೆಗೆ ಅವಳು ಉಸಿರು ಬಿಡುವ ರೀತಿ, ನಗು ಬಂದಾಗ ಕೆಳತುಟಿ ಕಚ್ಚುವ ರೀತಿ, ಎಲ್ಲ ಹಾಳೆಗೆ ಇಳಿದಿತ್ತು. ಮುಖ್ಯ ಬರಹಗಾರ ಮಾರ್ವಿನ್ ಅದನ್ನು ಮೀಟಿಂಗಿನಲ್ಲಿ ಹೆಣ್ಣುದನಿ ಮಾಡಿ ಓದಿದ. "ಏನಪ್ಪಾ ಇದು, ಕಾರ್ಟೂನೋ ಪ್ರೇಮಪತ್ರವೋ? ಯಾರ ಮೇಲೆ ಮನಸ್ಸಾಗಿದೆ ನಮ್ಮ ಹುಡುಗನಿಗೆ?" ಮೇಜಿನ ಸುತ್ತ ಎಲ್ಲರೂ ನಕ್ಕರು. ವೆಸ್ಲಿ ಎಲ್ಲರಿಗಿಂತ ಜೋರಾಗಿ ನಕ್ಕು, ಪೆನ್ನು ತೆಗೆದು ತಾನೇ ಅಡ್ಡಗೆರೆ ಎಳೆದ.

ಅಂದಿನಿಂದ ಅದೇ ಅಭ್ಯಾಸ. ಪ್ರತಿ ಕಂತಿಗೂ ಹಾರ್ಬರ್‌ಗೆ ಒಂದೆರಡು ಪುಟ ಬರೆಯುವುದು, ಯಾರೂ ನೋಡುವ ಮೊದಲೇ ತೆಗೆದು ಡ್ರಾಯರಿಗೆ ಹಾಕುವುದು. ತಾಲೀನ್ ಕೇಳಿದರೆ, ಬರೆದಿದ್ದೆ, ಮೇಲಿನವರು ತೆಗೆಸಿದ್ರು ಎನ್ನುವುದು. ಇಪ್ಪತ್ತೆರಡು ನಿಮಿಷಕ್ಕೆ ಕಥೆ ಹಿಡಿಯದಿದ್ದರೆ ಮೊದಲ ಕತ್ತರಿಯೂ ಹಾರ್ಬರ್‌ಗೇ. ಗಂಡು ಪಾತ್ರದ ಒಂದು ಸಾಲು ತೆಗೆದರೆ ಜಗಳ. ಹಾರ್ಬರ್‌ಳದು ಹತ್ತು ತೆಗೆದರೂ ಕೇಳುವವರಿಲ್ಲ. ಹೊತ್ತಿಗೆ ಸರಿಯಾಗಿ ಕೊಡುವ ಬರಹಗಾರ ಎಂದು ವೆಸ್ಲಿಗೆ ಒಳ್ಳೆಯ ಹೆಸರು ಬಂತು. ಹೆದರಿಕೆಯಿಂದ ಶುರುವಾದದ್ದು ಎಷ್ಟು ಬೇಗ ಅನುಕೂಲವಾಗಿಬಿಡುತ್ತದೆ ನೋಡಿ.

ಪಾತ್ರಗಳ ವಿವರ ಬರೆದಿಟ್ಟ ದೊಡ್ಡ ಕಡತದಲ್ಲಿ ಓಕ್‌ಗೆ ತಂದೆ ತಾಯಿ, ತೀರಿಹೋದ ತಮ್ಮ, ಸಾಕಿದ ನಾಯಿ ಎಲ್ಲ ಇದ್ದರು. ಹಾರ್ಬರ್‌ಗೆ ಅರ್ಧ ಪುಟ, ಅದರ ಕೊನೆಗೆ 'ನಿಗೂಢ ಹಿನ್ನೆಲೆಯವಳು' ಎಂದಿತ್ತು. ನಿಗೂಢ ಎಂದರೆ ಯಾರೂ ಬರೆಯಲಿಲ್ಲ ಎಂದು ಅರ್ಥ. ಸ್ವಂತ ಹೆಸರು ಕೂಡ ಇರಲಿಲ್ಲ. ಆರು ಜನರಲ್ಲಿ ಅವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ.

*

ಪಾರ್ಕಿಂಗಿನ ಪಕ್ಕದ ಜಕರಂಡಾ ಮರ ತನ್ನ ನೇರಳೆ ಹೂವನ್ನೆಲ್ಲ ತಾಲೀನಳ ಹಳೆಯ ಕಾರಿನ ಮೇಲೆ ಸುರಿದಿತ್ತು. ಅವಳು ಬಾನೆಟ್ಟಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿ ಅವನನ್ನು ಕರೆದಳು. ಒಳಗೆ ಅವಳ ಅಮ್ಮ ಬೇಯಿಸಿದ ಚೋರೆಗ್, ಜಡೆಯಂತೆ ಹೆಣೆದ ಸಿಹಿ ಬ್ರೆಡ್ಡು.

"ತಗೋ. ಅಮ್ಮ ನಿನಗೇ ಅಂತ ಕಳಿಸಿದಾಳೆ."

"ನನಗಾ? ಅವರಿಗೆ ನಾನು ಗೊತ್ತೇ ಇಲ್ವಲ್ಲ."

"ಗೊತ್ತು. ನನಗೋಸ್ಕರ ಬರೆಯೋನು ಒಬ್ಬನಿದಾನೆ, ಮೇಲಿನವರು ಬಿಡಲ್ಲ ಅಂತ ಹೇಳಿದೀನಿ." ಅವಳು ಒಂದು ಚೂರು ಮುರಿದು ಅವನ ಅಂಗೈ ಮೇಲಿಟ್ಟಳು. ಬೆರಳು ತಾಗಿತು. ತೆಗೆಯಲು ಅವಳು ಆತುರಪಡಲಿಲ್ಲ. "ಇವತ್ತು ನೋಡಿದೆನಲ್ಲ. ಒಬ್ಬ ಹೆಂಗಸಿನ ಮನಸ್ಸು ಇಷ್ಟು ಗೊತ್ತಿರೋನು, ಊಟಕ್ಕೆ ಕರೆಯೋಕೆ ಮಾತ್ರ ನಾಲ್ಕು ವರ್ಷ ತಗೋತಾನಾ?"

ಅವಳ ಕಣ್ಣಲ್ಲಿ ತುಂಟತನವಿತ್ತು, ಅದರ ಹಿಂದೆ ಸ್ವಲ್ಪ ನಿಜವೂ ಇತ್ತು. ಇನ್ನಾವ ದಿನವಾದರೂ ವೆಸ್ಲಿ ಕುಣಿದಾಡುತ್ತಿದ್ದ. ಇವತ್ತು ಅಂಗೈ ಮೇಲಿದ್ದ ಚೋರೆಗ್ ಚೂರನ್ನು ಬೆರಳಲ್ಲಿ ಪುಡಿ ಮಾಡುತ್ತ ನಿಂತ.

"ಪ್ರತಿ ಶನಿವಾರ ಬೆಳಿಗ್ಗೆ ಕಂತು ಬರೋ ಹೊತ್ತಿಗೆ ನಮ್ಮನೇಲಿ ಜಾತ್ರೆ," ಎಂದು ಅವಳು ಮುಂದುವರಿಸಿದಳು. "ಅಮ್ಮ, ಅಜ್ಜಿ, ಮೂರು ಜನ ಚಿಕ್ಕಮ್ಮಂದಿರು, ಎಲ್ಲ ಟಿವಿ ಮುಂದೆ. 'ಯಾವಾಗ ಮಾತಾಡ್ತೀಯೇ?' 'ಈಗ, ಈಗ.' ಅಷ್ಟೊತ್ತಿಗೆ ನಾನು 'ಹುಷಾರು' ಅಂತೀನಿ. ಅಜ್ಜಿಗೆ ಕಿವಿ ಮಂದ. 'ಏನಂದ್ಲು, ಏನಂದ್ಲು?' ಅನ್ನೋ ಹೊತ್ತಿಗೆ ಕಂತೇ ಮುಗಿದಿರತ್ತೆ." ನಗುತ್ತಲೇ ಹೇಳಿದಳು. ಆಮೇಲೆ ನಗು ಇಳಿಯಿತು. "ಎರಡು ವರ್ಷ ನನ್ನ ಸ್ವರವೇ ಸರಿಯಿಲ್ಲ ಅಂದ್ಕೊಂಡಿದ್ದೆ ವೆಸ್. ಕ್ಲಾಸಿಗೆ ಹೋದೆ. ಕಾರಿನ ಕಿಟಕಿ ಏರಿಸ್ಕೊಂಡು ಒಬ್ಬಳೇ ಅಭ್ಯಾಸ ಮಾಡಿದೆ. ಇನ್ನು ಸಾಕು. ಗುರುವಾರ ಮೇಲಿನವರನ್ನ ನೋಡೋಕೆ ಟೈಮ್ ತಗೊಂಡಿದೀನಿ. ಈ ಬಿಳಿ ಹಾಳೆ ತೋರಿಸ್ತೀನಿ. ನೀನೂ ಬರ್ತೀಯಾ?"

"ನೋಡ್ತೀನಿ," ಎಂದ ವೆಸ್ಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಸುಮ್ಮನೆ ಭುಜದ ಮೇಲಿದ್ದ ಹೂವೊಂದನ್ನು ಕೊಡವಿಕೊಂಡ.

ಮರುದಿನ ಮಾರ್ವಿನ್ ಎಲ್ಲರನ್ನೂ ಕೂರಿಸಿ ಹೇಳಿದ: ಈ ವರ್ಷದ ಕೊನೆಯ ಕಂತಿನಲ್ಲಿ ಆರು ಜನರಲ್ಲಿ ಒಬ್ಬರು ತಂಡ ಬಿಟ್ಟು ಹೋಗಬೇಕು. "ಹಾರ್ಬರ್ ಹೋಗ್ಲಿ. ಯಾರಿಗೂ ಬೇಜಾರಾಗಲ್ಲ. ಅವಳ ಗೊಂಬೇನೂ ಯಾರೂ ಕೊಳ್ಳಲ್ಲ. ವೆಸ್ಲಿ, ಬರಿ. ಓಕ್‌ನ ಮುಖದ ಮೇಲೆ ಒಂದು ಒಳ್ಳೇ ದುಃಖ ಬರೋ ಹಾಗೆ ಮಾಡು."

"ಅವಳೇ ಹೋಗೋದು, ದುಃಖಾನೂ ಓಕ್‌ನದೇನಾ?" ಎಂದ ವೆಸ್ಲಿ. ಎಲ್ಲರೂ ತಮಾಷೆ ಎಂದುಕೊಂಡರು.

*

ಗುರುವಾರ ತಾಲೀನ್ ಲಿಫ್ಟಿನ ಮುಂದೆ ನಿಂತಿದ್ದಳು. ಇಸ್ತ್ರಿ ಮಾಡಿದ ಬೂದು ಕೋಟು, ಕಿವಿಯಲ್ಲಿ ಅಜ್ಜಿಯ ಮುತ್ತು, ಕೈಯಲ್ಲಿ ಮಡಿಕೆ ಬಿಡಿಸಿದ ಬಿಳಿ ಹಾಳೆ. ಲಿಫ್ಟಿನ ಬಾಗಿಲು ತೆರೆದಾಗ ವೆಸ್ಲಿ ಓಡಿ ಬಂದು ಅಡ್ಡ ನಿಂತ.

"ಹೋಗಬೇಡ."

"ಯಾಕೆ?"

"ಅವರಿಗೆ ಇದು ಗೊತ್ತೇ ಇಲ್ಲ. ಅವರು ಈ ಹಾಳೆ ನೋಡೇ ಇಲ್ಲ. ತೆಗೆದಿದ್ದು ನಾನು."

ಬಾಗಿಲು ಮುಚ್ಚಿಕೊಂಡಿತು. ತಾಲೀನ್ ಹಾಳೆಯನ್ನು ನೋಡಿದಳು, ಅವನನ್ನು ನೋಡಿದಳು. "ಇದೊಂದಾ?"

"ಎಲ್ಲ."

"ಐವತ್ತೆರಡು ಕಂತು."

"ಹೌದು. ಎಲ್ಲ ನನ್ನ ಡ್ರಾಯರಿನಲ್ಲಿದೆ. ಒಂದನ್ನೂ ಹರಿದಿಲ್ಲ."

"ಹರಿದಿಲ್ವಾ," ಎಂದಳು. "ದೊಡ್ಡ ಉಪಕಾರ." ಹಾಳೆಯನ್ನು ಮತ್ತೆ ಮಡಚುತ್ತ ಕೇಳಿದಳು, "ಚೆನ್ನಾಗಿರಲಿಲ್ವಾ? ನನ್ನ ಕೈಲಿ ಆಗಲ್ಲ ಅನ್ನಿಸ್ತಾ?"

"ಅಯ್ಯೋ, ಇಲ್ಲ. ಹಾಗಲ್ಲ. ಓದಿದ್ರೆ ಎಲ್ಲರಿಗೂ ಗೊತ್ತಾಗಿಬಿಡ್ತಿತ್ತು. ಮಾರ್ವಿನ್‌ಗೆ, ಎಲ್ಲರಿಗೂ. ನಗ್ತಿದ್ರು."

"ಏನು ಗೊತ್ತಾಗ್ತಿತ್ತು?"

ವೆಸ್ಲಿ ಬಾಯಿ ತೆರೆದ. ಮಾತು ನಾಲಗೆಯ ತುದಿಗೆ ಬಂತು. ನಾಲ್ಕು ವರ್ಷದ ಅಭ್ಯಾಸ, ಅಲ್ಲೇ ನಿಂತಿತು.

ತಾಲೀನ್ ಕಾದಳು. ಎಷ್ಟೋ ಹೊತ್ತು ಕಾದಳು ಎಂದೇ ಅವನಿಗೆ ಆಮೇಲೆ ನೆನಪು. ಕಡೆಗೆ ತಲೆಯಾಡಿಸಿದಳು. "ನೋಡು, ಅದನ್ನೂ ಹೊಡೆದುಹಾಕಿಬಿಟ್ಟೆ."

ಅವಳು ಮೆಟ್ಟಿಲಿನ ಕಡೆ ನಡೆದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿ. "ನಿನ್ನ ಮಾನ ಉಳಿಸ್ಕೊಳ್ಳೋಕೆ ನನ್ನ ಬಾಯಿ ಮುಚ್ಚಿಸಿದೆ. ನಾನು ನಿನಗೆ ಚೋರೆಗ್ ತಂದುಕೊಟ್ಟೆ."

*

ಅವತ್ತೇ ಮಧ್ಯಾಹ್ನ ವೆಸ್ಲಿ ಡ್ರಾಯರನ್ನೇ ಕಿತ್ತು ತಂದು ಮಾರ್ವಿನ್‌ನ ಮೇಜಿನ ಮೇಲಿಟ್ಟ. "ಹಾರ್ಬರ್‌ನ ಯಾರೂ ಇಷ್ಟಪಡ್ತಿಲ್ಲ ಅಂದ್ಯಲ್ಲ. ಇಷ್ಟಪಡೋಕೆ ನಾನು ಏನೂ ಬಿಡಲಿಲ್ಲ. ಓದು." ಮಾರ್ವಿನ್ ಒಂದು ಗಂಟೆ ಓದಿದ. ಈ ಸಲ ಹೆಣ್ಣುದನಿ ಮಾಡಲಿಲ್ಲ. "ಚೆನ್ನಾಗಿದೆ ಮಾರಾಯ. ಆದ್ರೆ ತಡ ಆಯ್ತು. ಹಾರ್ಬರ್ ಹೋಗ್ತಾಳೆ ಅಂತ ಮೇಲಿನವರು ಸಹಿ ಹಾಕಾಯ್ತು." ನಾಲ್ಕು ವರ್ಷ ವೆಸ್ಲಿ ಹೇಳಿದ ಸುಳ್ಳು ಕಡೆಗೂ ನಿಜವಾಗಿತ್ತು.

ಉಳಿದದ್ದು ಕೊನೆಯ ಕಂತು. ಅವನು ಅದನ್ನು ಬರೆದು, ಒಂದು ಸಾಲನ್ನೂ ತೆಗೆಯದೆ, ತಾಲೀನಳ ಕೈಗೇ ಕೊಟ್ಟ. ಹಾರ್ಬರ್‌ಗೆ ಎರಡು ಪುಟದ ಮಾತು. ಹೋಗುವ ಮುನ್ನ ಓಕ್‌ನ ಕೈ ಹಿಡಿದು, ನಿನ್ನದೇನೂ ತಪ್ಪಿಲ್ಲ, ನಾನು ಯಾವತ್ತೋ ಕ್ಷಮಿಸಿದ್ದೇನೆ ಎನ್ನುತ್ತಾಳೆ. ಬರೆಯುವಾಗ ವೆಸ್ಲಿ ಅತ್ತಿದ್ದ.

ತಾಲೀನ್ ನಿಂತೇ ಓದಿ ವಾಪಸು ಕೊಟ್ಟಳು.

"ಚೆಂದ ಇದೆ. ಇವಳು ಯಾಕೆ ಕ್ಷಮಿಸ್ತಿದಾಳೆ?"

"ಅಂದ್ರೆ?"

"ಯಾರು ಕೇಳಿದ್ರು ಅವಳನ್ನ, ಕ್ಷಮಿಸ್ತೀಯಾ ಅಂತ? ನಿನಗೆ ಬೇಕಾಗಿತ್ತು, ಅವಳ ಬಾಯಲ್ಲಿ ತುರುಕಿದೀಯ. ಮೊದಲು ಮಾತು ಕಿತ್ಕೊಂಡೆ. ಈಗ ನಿನ್ನ ಮಾತನ್ನ ಅವಳ ಕೈಲಿ ಆಡಿಸ್ತಿದೀಯ."

ವೆಸ್ಲಿಗೆ ತಲೆ ಎತ್ತಲಾಗಲಿಲ್ಲ. "ಅವಳು ಏನಂತಾಳೆ ಹಾಗಾದ್ರೆ?" ಎಂದ ಬಹಳ ಸಣ್ಣ ದನಿಯಲ್ಲಿ. ಇಷ್ಟು ವರ್ಷದಲ್ಲಿ ಅವನು ಇದನ್ನು ಕೇಳಿದ್ದು ಅದೇ ಮೊದಲು.

ತಾಲೀನ್ ಕಿಟಕಿಯ ಕಡೆ ನೋಡಿದಳು. "ಏನೂ ಅನ್ನಲ್ಲ. ಒಳಗಿದ್ದೋರನ್ನೆಲ್ಲ ನೋಡ್ತಾಳೆ. 'ಇನ್ಮೇಲೆ ನಿಮ್ಮ ಗೋಡೆ ನೀವೇ ಕಟ್ಕೊಳ್ಳಿ' ಅಂತಾಳೆ. ಹೋಗ್ತಾಳೆ."

ಹಾಗೆಯೇ ರೆಕಾರ್ಡ್ ಆಯಿತು. ಅವತ್ತು 'ಉಹ್-ಆಹ್' ಹಾಳೆಯಲ್ಲಿ ಅವಳ ಹೆಸರೇ ಇರಲಿಲ್ಲ. ಅವಳು ಮೈಕಿನ ಮುಂದಿನಿಂದ ಏಳುವಾಗ ಕರ್ಟಿಸ್ ಮೊದಲುಗೊಂಡು ಐವರೂ ಎದ್ದು ನಿಂತರು. ಅವಳು ಎಲ್ಲರನ್ನೂ ತಬ್ಬಿ, ಗಾಜಿನಾಚೆಯ ವೆಸ್ಲಿಗೆ ಒಮ್ಮೆ ತಲೆ ಬಾಗಿಸಿ ಹೊರಟುಹೋದಳು.

*

ಒಂಬತ್ತು ತಿಂಗಳು ವೆಸ್ಲಿ ಅವಳ ಸ್ವರವನ್ನು ಜಾಹೀರಾತುಗಳಲ್ಲಿ ಮಾತ್ರ ಕೇಳಿದ. ಒಂದರಲ್ಲಿ ಅವಳು ಮಾತಾಡುವ ಟೋಸ್ಟರ್. ಟಿವಿಯಲ್ಲಿ ಅದು ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದ, ಕೂರಲು ನಾಚಿಕೆಯಾಗುತ್ತಿತ್ತು. ಎಷ್ಟೋ ಕಾಗದ ಬರೆದ, ಕಳಿಸಲಿಲ್ಲ. ಅವುಗಳಲ್ಲೂ ಅವಳ ಉತ್ತರವನ್ನು ತಾನೇ ಊಹಿಸಿ ಬರೆಯುತ್ತಿದ್ದುದು ಗೊತ್ತಾಗಿ ನಿಲ್ಲಿಸಿದ.

ಫೆಬ್ರವರಿಯಲ್ಲಿ ಅವಳಿಂದ ಫೋನು ಬಂತು. ಪೀಠಿಕೆ ಇಲ್ಲ.

"ಆ ಬಿಳಿ ಹಾಳೆಯ ಕಂತಿಗೆ ಚಿತ್ರ ಈಗ ಮುಗಿದಿದೆ, ಈ ಶನಿವಾರ ಬರ್ತಿದೆ. ಮನೆಗೆ ಬಾ. ಯಾವಾಗ ಮಾತಾಡ್ತೀಯಾ ಅಂತ ಅಮ್ಮ ಕೇಳಿದಾಗ ಈ ಸಲ ಉತ್ತರ ಹೇಳೋದು ನೀನು."

ಶನಿವಾರ ಬೆಳಿಗ್ಗೆ ಗ್ಲೆಂಡೇಲಿನ ಆ ಮನೆಯಲ್ಲಿ ಸೋಫಾ ತುಂಬ ಹೆಂಗಸರಿದ್ದರು. ಪುಟ್ಟ ಬಟ್ಟಲುಗಳಲ್ಲಿ ಕಪ್ಪು ಕಾಫಿ, ತಟ್ಟೆ ತುಂಬ ಚೋರೆಗ್. ತಾಲೀನ್ ಬಾಗಿಲಿಗೆ ಒರಗಿ ನಿಂತಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. ವೆಸ್ಲಿ ಎದುರಿನ ಕುರ್ಚಿಯ ತುದಿಯಲ್ಲಿ ಕೂತ.

ಹನ್ನೊಂದನೇ ನಿಮಿಷಕ್ಕೆ ಹಾರ್ಬರ್ ಕಿಟಕಿಯ ಬಳಿ ಬಂದು ನಿಂತಳು. ಪಕ್ಕದಲ್ಲಿ ಓಕ್. ಇಬ್ಬರೂ ಸುಮ್ಮನೆ ಹೊರಗೆ ನೋಡಿದರು.

"ಯಾವಾಗ ಮಾತಾಡ್ತಾಳೆ ಇವಳು?" ಎಂದಳು ತಾಲೀನಳ ತಾಯಿ.

"ಇಲ್ಲೇ ಮಾತಾಡಬೇಕಿತ್ತು ಅಮ್ಮಾ," ಎಂದ ವೆಸ್ಲಿ. ಎದ್ದು ನಿಂತಿದ್ದ. "ನಾನು ತೆಗೆದುಹಾಕಿದೆ. ಮೇಲಿನವರಲ್ಲ. ಎಲ್ಲ ಕಂತಿನಲ್ಲೂ ನಾನೇ."

"ಏನಂದ ಅವನು, ಏನಂದ?" ಎಂದಳು ಅಜ್ಜಿ. ಚಿಕ್ಕಮ್ಮ ಒಬ್ಬಳು ಅವಳ ಕಿವಿಯಲ್ಲಿ ಕೂಗಿ ಹೇಳಿದಳು. ಅಜ್ಜಿ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಅವನ ಮುಂದಿದ್ದ ಚೋರೆಗ್ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

ತಾಯಿ ಮಾತ್ರ ರಿಮೋಟು ಎತ್ತಿ ಟಿವಿಯ ಸದ್ದು ನಿಲ್ಲಿಸಿದಳು. "ಈಗ ಹೇಳೇ," ಎಂದಳು ಮಗಳಿಗೆ.

ತಾಲೀನ್ ಗೂಡಿನಲ್ಲಿದ್ದ ಪುಸ್ತಕದಿಂದ ನಾಲ್ಕು ಮಡಿಕೆಯ ಬಿಳಿ ಹಾಳೆ ತೆಗೆದಳು. ಬಿಡಿಸಿದಳು, ಆದರೆ ನೋಡಲಿಲ್ಲ, ಬಾಯಿಪಾಠವಾಗಿತ್ತು. ಪರದೆಯ ಮೇಲೆ ಸದ್ದಿಲ್ಲದೆ ಕಟ್ಟಡಗಳು ಬೀಳುತ್ತಿದ್ದವು. ಯಾರೂ ಆ ಕಡೆ ನೋಡುತ್ತಿರಲಿಲ್ಲ. ಅಜ್ಜಿಗೂ ಕೇಳಿಸುವಷ್ಟು ಗಟ್ಟಿಯಾಗಿ ಅವಳು ಹೇಳಿದಳು. "ಒಂದ್ಸಲ, ಒಂದೇ ಒಂದ್ಸಲ, ಯಾರಾದ್ರೂ ತಿರುಗಿ ನನ್ನ ಕಡೆ ನೋಡಿದೀರಾ?"

ಹಾಳೆ ಅಲ್ಲಿಗೆ ಮುಗಿದಿತ್ತು. ಅವಳು ವೆಸ್ಲಿಯ ಕಡೆ ತಿರುಗಿದಳು. "ಓಕ್ ಏನಂತಾನೆ? ಅವತ್ತಿಂದ ಯೋಚನೆ ಮಾಡ್ತಿದೀನಿ."

ವೆಸ್ಲಿ ಅಂಗಿಯ ಜೇಬಿನಿಂದ ಅದೇ ದೃಶ್ಯದ ಎರಡನೆಯ ಬಿಳಿ ಹಾಳೆ ತೆಗೆದ. ಅದರಲ್ಲಿ ಓಕ್‌ನ ಉತ್ತರವಷ್ಟೇ ಇತ್ತು. ಮಾರ್ವಿನ್‌ಗಿಂತ ಭಯಂಕರವಾದ ಐದು ಮುಖಗಳು ಅವನನ್ನೇ ನೋಡುತ್ತಿದ್ದವು.

"ನೋಡಿದೀನಿ," ಎಂದು ಓದಿದ. "ಪ್ರತಿ ಸಲ. ನಿನ್ನನ್ನ ಬಿಟ್ಟು ಬೇರೆ ಯಾರನ್ನೂ ನೋಡಲೇ ಇಲ್ಲ. ಹೇಳೋಕೆ ಹೆದರಿದೆ."

ಹಾಳೆ ಮಡಚಿದ. ಇನ್ನು ಬರೆದದ್ದೇನೂ ಇರಲಿಲ್ಲ. "ಅದು ಓಕ್ ಅಲ್ಲ ತಾಲೀನ್," ಎಂದ. "ನಾನು. ನನಗೆ ನೀನಂದ್ರೆ ಪ್ರೀತಿ. ತಪ್ಪು ನನ್ನದು, ಅದಕ್ಕೆ ಇದು ನೆಪ ಅಲ್ಲ."

ತಾಲೀನ್ ಕೆಳತುಟಿ ಕಚ್ಚಿದಳು. ನಗುವಿಗೋ ಅಳುವಿಗೋ ಅವನಿಗೆ ಗೊತ್ತಾಗಲಿಲ್ಲ, ಊಹಿಸುವ ಧೈರ್ಯವೂ ಬರಲಿಲ್ಲ. ಅವಳು ಬಂದು ಅವನ ಕೈಯಿಂದ ಹಾಳೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದಾದ ಮೇಲೆ ಹಾರ್ಬರ್ ಏನಂತಾಳೆ? ಮುಂದಿನ ಹಾಳೆ ಎಲ್ಲಿ?"

"ಬರೆದಿಲ್ಲ."

"ಬರೀಬೇಡ." ಅಜ್ಜಿಯ ಮಡಿಲಿನಿಂದ ತಟ್ಟೆ ತೆಗೆದು ಅವನ ಮುಂದಿಟ್ಟಳು. "ಕೂತ್ಕೋ, ಕಾಫಿ ಕುಡಿ. ಅದನ್ನ ನಾನು ಹೇಳ್ತೀನಿ. ಸ್ವಲ್ಪ ಹೊತ್ತಾಗತ್ತೆ."

ವೆಸ್ಲಿ ಕೂತ, ಕೈಕಟ್ಟಿಕೊಂಡು ಕಾದ.